ಗದಿಗೆಪ್ಪನವರ ಖಾಲಿ ಮೊಳೆ

ಬರ್ಲಿಂಗ್ಟನ್ನಿನ ಗದಿಗೆಪ್ಪನವರ ಮನೆಯ ಹಾಲಿನಲ್ಲಿ ಮೂರು ವರ್ಷದಿಂದ ಒಂದು ಮೊಳೆ ಏನನ್ನೂ ಹೊರದೆ ಸುಮ್ಮನೆ ನಿಂತಿತ್ತು. ಹೊಡೆದವರು ಅವರ ಹೆಂಡತಿ ಮಲ್ಲವ್ವ. ಗಂಡ ಹೆಂಡತಿ ಇಬ್ಬರೂ ಇರುವ ಫೋಟೊವನ್ನೇ ಅಲ್ಲಿ ತೂಗಬೇಕು, ಅಲ್ಲಿಯವರೆಗೆ ಕ್ಯಾಲೆಂಡರನ್ನೂ ಹಾಕಕೂಡದು ಎಂಬುದು ಅವರ ಕಟ್ಟಪ್ಪಣೆ. ಮದುವೆಯ ಆಲ್ಬಮನ್ನು ಅವರ ಊರು ನರಗುಂದದಲ್ಲಿ ಗೆದ್ದಲು ತಿಂದಿತ್ತು. ಆಮೇಲೆ ಇಬ್ಬರೂ ಒಟ್ಟಿಗೆ ನಿಂತ ಒಂದು ನೆಟ್ಟಗಿನ ಫೋಟೊ ಇರಲಿಲ್ಲ. ಮನೆಯಲ್ಲಿ ಕ್ಯಾಮೆರಾ ಇಲ್ಲದೆ ಅಲ್ಲ. ಇತ್ತು, ಆದರೆ ಅದು ಗದಿಗೆಪ್ಪನವರ ಕೈಯಲ್ಲಿತ್ತು.

ಗದಿಗೆಪ್ಪನವರದು ಚಾವಣಿ ರಿಪೇರಿಯ ಕಸುಬು. ಕ್ಲೈನ್‌ಬರ್ಗಿನ ಅರಮನೆಯಂಥ ಮನೆಗಳ ಮೇಲೆ ಹತ್ತಿ, ಸೋರುವ ಜಾಗದ ಫೋಟೊ ತೆಗೆದು, ಇಳಿದು ಬಂದು ಮಾಲೀಕರಿಗೆ ತೋರಿಸಿ ಹೆದರಿಸುತ್ತಾರೆ. ಚಾವಣಿಯ ಫೋಟೊ ತೆಗೆಯುವ ಈ ಚಟ ಕೆಲಸದ ಜೊತೆ ಮನೆಗೂ ಬಂತು. ಮಗಳು ತೃಪ್ತಿ ಪದವಿ ಪಡೆದ ದಿನ ಅವರು ತೆಗೆದ ಫೋಟೊಗಳಲ್ಲಿ ಸಭಾಂಗಣದ ಚಾವಣಿ ಬಹಳ ಚೆನ್ನಾಗಿ ಬಂದಿದೆ. ಮಗಳ ಟೋಪಿಯ ತುದಿಯೂ ಕಾಣುತ್ತದೆ.

ನನಗೆ ಅವರ ಪರಿಚಯವಾದದ್ದೂ ಹಾಗೆಯೇ. ನಾರ್ತ್ ಯಾರ್ಕಿನ ನಮ್ಮ ಮನೆಯ ಗೃಹಪ್ರವೇಶಕ್ಕೆ ಯಾರದೋ ಜೊತೆ ಬಂದವರು, ದೇವರಿಗೆ ಕೈಮುಗಿಯುವ ಮೊದಲೇ ಮೇಲೆ ನೋಡಿ, "ಮಧುಸೂದನ್ ಸರ್ರ, ಬರೋ ಮಾರ್ಚಿಗೆ ಹಿಮ ಕರಗಿದ್ರ ಈ ಮೂಲಿ ಸೋರತೈತ್ರಿ" ಎಂದರು. ಶುಭಕಾರ್ಯದಲ್ಲಿ ಅಪಶಕುನ ನುಡಿದರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಮಾರ್ಚಿನಲ್ಲಿ ಸೋರಿತು. ಅಂದಿನಿಂದ ನಾವು ಸ್ನೇಹಿತರು.

ಮನುಷ್ಯರ ಮುಖ ನೋಡಿ ಮಾತಾಡಲು ಅವರಿಗೆ ಮಹಾ ಸಂಕೋಚ. ಹೆಂಡತಿಯ ಮುಖವಾದರಂತೂ ಕೇಳುವುದೇ ಬೇಡ. "ಉಪ್ಪಿಟ್ಟು ಚೊಲೋ ಆಗೇತಿ ಅನ್ನೋದನ್ನೂ ಇವ್ರು ಮಾಳಗಿಗೇ ಹೇಳ್ತಾರ್ರಿ ಅಣ್ಣಾರ" ಎಂದು ಮಲ್ಲವ್ವ ಚಾವಣಿಯತ್ತ ಕೈತೋರಿಸಿ ನನ್ನ ಮುಂದೆ ದೂರು ಹೇಳುತ್ತಿದ್ದರು.

ಮದುವೆಯಾಗಿ ಮೂವತ್ತು ವರ್ಷ ತುಂಬಿದ್ದಕ್ಕೆ ತೃಪ್ತಿ ಇಬ್ಬರಿಗೂ ನ್ಯೂ ಮೆಕ್ಸಿಕೋಗೆ ಟಿಕೆಟ್ ತೆಗೆಸಿಕೊಟ್ಟಳು. ಅಲ್ಲಿ ಪುಯೆಬ್ಲೊ ಎಂಬ ಮೂಲನಿವಾಸಿಗಳ ಹಳೆಯ ಹಳ್ಳಿಯೊಂದಿದೆ. ಹುಲ್ಲು ಕಲಸಿದ ಹಸಿ ಇಟ್ಟಿಗೆಯ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಗೆ ಏಣಿ. ನೂರಾರು ವರ್ಷದಿಂದ ಜನ ಅಲ್ಲೇ ಬಾಳುತ್ತಿದ್ದಾರೆ. "ಡ್ಯಾಡ್, ಇಟ್ಸ್ ಜಸ್ಟ್ ಲೈಕ್ ನರಗುಂದ!" ಎಂದಳು ಮಗಳು. ಕುರಿಯನ್ನು ಕಾಯಲು ತೋಳನನ್ನು ಬಿಟ್ಟ ಹಾಗಾಯಿತು.

ಮಲ್ಲವ್ವ ಹೊರಡುವ ಮುನ್ನವೇ ಎಚ್ಚರಿಸಿದರು. "ಈ ಸಲ ನಮ್ಮಿಬ್ಬರ ಫೋಟೊ ಇಲ್ದ ಬಂದ್ರ, ಆ ಮೊಳೀಗೆ ನಿಮ್ಮ ಕ್ಯಾಮೆರಾನ ನೇತು ಹಾಕತೀನಿ. ಮತ್ತ ಕೆಳಗ ಇಳಸಂಗಿಲ್ಲ. ಸೆಲ್ಫಿ ಗಿಲ್ಫಿ ನಡಿಯಂಗಿಲ್ಲ, ಅದರಾಗ ನಿಮ್ಮ ಮೂಗ ಅಷ್ಟ ಬರತೈತಿ."

ಅಲ್ಲಿ ನಡೆದದ್ದನ್ನು ನನಗೆ ಚಹಾ ಕೊಡುತ್ತಾ ಹೇಳಿದವರು ಮಲ್ಲವ್ವನೇ.

ಹಳ್ಳಿಯ ಬಾಗಿಲಲ್ಲಿ ಟಿಕೆಟ್ ಕೊಡುವ ಹುಡುಗಿ ನಿಯಮ ಹೇಳಿದಳಂತೆ. ಕೇಳದೆ ಜನರ ಫೋಟೊ ತೆಗೆಯಬಾರದು, ಬೋರ್ಡಿರುವ ಕಡೆ ಕಾಲಿಡಬಾರದು, ನಾಲ್ಕೂವರೆಗೆ ಎಲ್ಲರೂ ಹೊರಗೆ. ಗದಿಗೆಪ್ಪನವರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಜನರ ಫೋಟೊ ಯಾರಿಗೆ ಬೇಕಿತ್ತು? ತೊಲೆಯ ತುದಿ, ನೀರು ಬೀಳುವ ದೋಣಿ, ಏಣಿ, ಮಾಳಿಗೆಯ ಅಂಚು ಎಂದು ಬೆಳಗಿನ ಹತ್ತರಿಂದ ಸುತ್ತಿದರು. ಫೋಟೊಕ್ಕೆಂದೇ ಇಳಕಲ್ ಸೀರೆ ಉಟ್ಟಿದ್ದ ಮಲ್ಲವ್ವ ಬಿಸಿಲಲ್ಲಿ ಹಿಂದೆ ಹಿಂದೆ ನಡೆದರು.

ನಾಲ್ಕು ದಾಟಿದ ಮೇಲೆ, ಮನೆಯ ಮುಂದಿನ ಕೋಣೆಯಲ್ಲೇ ರೊಟ್ಟಿ ಮಾರುತ್ತಿದ್ದ ಒಬ್ಬ ಅಜ್ಜಿಯ ಹತ್ತಿರ ಹೋದರು. ಗದಿಗೆಪ್ಪ ಕೈಮುಗಿದು, ಒಂದು ಫೋಟೊ ತೆಗೆಯಲೇ ಎಂದು ಕೇಳಿದರು. ದಿನವಿಡೀ ಇದೇ ಮಾತು ಕೇಳಿ ಸಾಕಾಗಿದ್ದ ಅಜ್ಜಿ ಖಡಾಖಂಡಿತ ಬೇಡವೆಂದಿತು.

"ನಿಮ್ಮದಲ್ಲ, ಮೇಲಿನ ಮಾಳಿಗೆಯದು."

ಅಜ್ಜಿ ನಕ್ಕು ನಕ್ಕು ಕುರ್ಚಿಯ ಮೇಲೆ ಕುಳಿತುಬಿಟ್ಟಿತಂತೆ. ಒಪ್ಪಿಗೆ ಸಿಕ್ಕಿತು. ಇವರು ಮಂಡಿ ಬಗ್ಗಿಸಿ, ಕ್ಯಾಮೆರಾ ಆಕಾಶಕ್ಕೆತ್ತಿ ಇಪ್ಪತ್ತು ಫೋಟೊ ತೆಗೆದರು. ಬಿಟ್ಟಿ ಸಲಹೆ ಬೇರೆ: ಆ ಮೂಲೆಯಲ್ಲಿ ಕಲೆಯಿದೆ, ಹೊರಗೆ ನೀರಿನ ದೋಣಿ ಕಟ್ಟಿಕೊಂಡಿರಬೇಕು ಎಂದರು. ಅಜ್ಜಿ ಹೊರಗೆ ಹೋಗಿ ಕೋಲಿನಿಂದ ತಿವಿದರೆ ಹಳೆಯ ಹಕ್ಕಿಗೂಡೊಂದು ಕೆಳಗೆ ಬಿತ್ತು. ಒಳಗೆ ಬಂದ ಅಜ್ಜಿ ಮೆಚ್ಚಿ ಒಂದು ರೊಟ್ಟಿ ಕೊಟ್ಟಿತು.

ಅಷ್ಟರಲ್ಲಿ ಗಂಟೆ ನಾಲ್ಕೂ ಇಪ್ಪತ್ತು. ಮಲ್ಲವ್ವ ತಡೆಯಲಾರದೆ ಗಂಡನ ಕೊರಳಿನಿಂದ ಕ್ಯಾಮೆರಾ ಕಿತ್ತು ಅಜ್ಜಿಯ ಕೈಗಿಟ್ಟು, "ಎವ್ವಾ, ನೀನರ ತಗಿಯವ್ವಾ!" ಎಂದರು. ಕನ್ನಡವಾದರೇನು, ಅಜ್ಜಿಗೆ ಅರ್ಥವಾಯಿತು. ಗದಿಗೆಪ್ಪ ಹೇಗೆ ತೆಗೆದರೆಂಬುದನ್ನೂ ಅದು ನೋಡಿಕೊಂಡಿತ್ತು. ತಾನೂ ಹಾಗೆಯೇ ಮಂಡಿ ಬಗ್ಗಿಸಿ, ಕ್ಯಾಮೆರಾ ಮೇಲಕ್ಕೆತ್ತಿ ಒತ್ತಿತು. ಒಂದೇ ಫೋಟೊ. ಬ್ಯಾಟರಿ ಸತ್ತಿತು.

ಆ ಫೋಟೊ ಈಗ ಮೊಳೆಯ ಮೇಲಿದೆ. ಮುಕ್ಕಾಲು ಭಾಗ ತೊಲೆಗಳೇ. ಕೆಳಗೆ ಗದಿಗೆಪ್ಪನವರ ಬೋಳುತಲೆ, ಪಕ್ಕಕ್ಕೆ ಹೊರಳಿದ ಕಣ್ಣು. ಪಕ್ಕದಲ್ಲಿ ಮೂಗುತಿಯವರೆಗೆ ಮಲ್ಲವ್ವ. ಅವರ ಬಾಯಿ ಚೌಕಟ್ಟಿನ ಹೊರಗೆ ಉಳಿದಿದೆ.

"ಮಲ್ಲವ್ವನೋರೆ, ಇದನ್ನ ಹೋಗಿ ಹೋಗಿ ಫ್ರೇಮ್ ಹಾಕ್ಸಿದ್ದೀರಲ್ಲ!" ಎಂದೆ.

"ನಗಬ್ಯಾಡ್ರಿ ಅಣ್ಣಾರ, ಚಂದಂಗ ನೋಡ್ರಿ. ತಲಿ ಮ್ಯಾಲ ಅಂಥಾ ಮಾಳಗಿ ಐತಿ. ಇವ್ರು ನೋಡಾಕತ್ತಿದ್ದು ನನ್ನ. ಮೂವತ್ತು ವರ್ಷದಾಗ ಇದ ಮೊದಲ." ಮಲ್ಲವ್ವನ ಕಣ್ಣು ತುಂಬಿತ್ತು. ಚಹಾದ ಲೋಟ ತೆಗೆದುಕೊಂಡು ಸರಸರನೆ ಒಳಗೆ ಹೋದರು.

ಗದಿಗೆಪ್ಪ ಕುರ್ಚಿಯನ್ನು ನನ್ನ ಬಳಿ ಎಳೆದುಕೊಂಡರು. "ಸರ್ರ, ಆಕಿಗೆ ಹೇಳಬ್ಯಾಡ್ರಿ. ಆಕಿ ಹಿಂದ ಗ್ವಾಡ್ಯಾಗ ಒಂದು ಬಿರುಕಿತ್ತು. ನಾ ನೋಡಾಕತ್ತಿದ್ದು ಅದನ್ನ."

ನನಗೆ ಅವರ ಮೇಲೆ ನಿಜವಾಗಿ ಕೋಪ ಬಂತು. ಎದ್ದು ಫೋಟೊದ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು ನೋಡಿದೆ. ಮಲ್ಲವ್ವನ ಹಿಂದಿನ ಗೋಡೆಗೆ ಹೊಸದಾಗಿ ಮಣ್ಣು ಮೆತ್ತಿದ್ದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ತಿರುಗಿ ನೋಡಿದೆ. ಗದಿಗೆಪ್ಪನವರ ಕಿವಿಗಳೆರಡೂ ಕೆಂಪಾಗಿದ್ದವು. ಅವರು ನಮ್ಮ ತಲೆಯ ಮೇಲಿನ ಚಾವಣಿಯನ್ನು ಬಹಳ ಗಂಭೀರವಾಗಿ ಪರೀಕ್ಷಿಸುತ್ತಿದ್ದರು.