ಒಂದು ಸೈಜ್ ದೊಡ್ಡ ಚಪ್ಪಲಿ

ಕೆಂಪು ಸಾಬೂನಿನ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಗಿರಿಜತ್ತೆ ಬಂದರೆಂದರೆ ಮೊದಲು ಒಳಗೆ ಬರುತ್ತಿದ್ದದ್ದು ಅವರ ಚೀಲದ ಆ ವಾಸನೆ, ಆಮೇಲೆ ಅವರು. ಅತ್ತೆ ಅಪ್ಪನ ಅಕ್ಕ. ಮಾವ ಫೋರ್ಟ್ ಕಡೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಸಂಬಳ ದಹಿಸರಿನ ಮನೆಯ ಬಾಡಿಗೆಗೂ ಅಕ್ಕಿಗೂ ಸರಿಹೋಗುತ್ತಿತ್ತು. ಆದರೂ ನನ್ನ ಹುಟ್ಟುಹಬ್ಬ ಬಂತೆಂದರೆ ಅತ್ತೆ ಲೋಕಲ್ ಟ್ರೇನ್ ಹತ್ತಿ ಜೋಗೇಶ್ವರಿಯ ನಮ್ಮ ಚಾಳಿನ ಕೋಣೆಗೆ ಬಂದೇ ಬರುತ್ತಿದ್ದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿ, ಹೋಟೆಲಿನ ಪಾರ್ಸೆಲ್ ದಾರ ಬಿಗಿದ ಒಂದು ಕಟ್ಟು. ಒಳಗೆ ಗೊಂಬೆ ಇದ್ದೀತೆಂದು ನಾನು ದಾರವನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದೆ. ಎಲ್ಲಿಯ ಗೊಂಬೆ! ಎರಡು ಸಾಬೂನು, ತೆಂಗಿನೆಣ್ಣೆ ಬಾಟ್ಲಿ, ಒಂದು ಲಂಗ, ಮಳೆಗಾಲಕ್ಕೆಂದು ರಬ್ಬರ್ ಚಪ್ಪಲಿ. ಅದೂ ಒಂದು ಸೈಜ್ ದೊಡ್ಡದು. ನಾನು ಮುಖ ಊದಿಸಿಕೊಂಡು ಚಪ್ಪಲಿ ಎಳೆಯುತ್ತ ನಡೆದರೆ ಅತ್ತೆಗೆ ನಗು. "ಕಾಲು ಬೆಳೀತದೆ ಮಗಾ, ಚಪ್ಪಲಿ ಬೆಳೀತದಾ?" ಅಮ್ಮ ಆ ಸಾಬೂನುಗಳನ್ನು ಟ್ರಂಕಿನ ಸೀರೆಗಳ ನಡುವೆ ಇಡುತ್ತಿದ್ದಳು. ವಾಸನೆ ಸೀರೆಗೆ ಹಿಡಿದ ಮೇಲೆಯೇ ಒಂದೊಂದಾಗಿ ಸ್ನಾನಕ್ಕೆ. ಆಗ ಸ್ವಲ್ಪ ದಿನ ಮನೆಯ ಎಲ್ಲರ ಮೈಗೂ ಅತ್ತೆಯ ಚೀಲದ ವಾಸನೆ.

ಆ ಚಾಳು ಹೋಗಿ ನಾವೀಗ ಇರುವ ಬಿಲ್ಡಿಂಗ್ ಎದ್ದಿತು. ಅಪ್ಪ, ಅಮ್ಮ, ಮಾವ ಒಬ್ಬರ ಹಿಂದೊಬ್ಬರು ಹೋದರು. ಅತ್ತೆ ನನ್ನ ಮಗಳ ಹುಟ್ಟುಹಬ್ಬಕ್ಕೂ ಅದೇ ಕಟ್ಟು ಹಿಡಿದು, ಲಿಫ್ಟಿಗೆ ಹೆದರುತ್ತ ಹೆದರುತ್ತ ಮೇಲೆ ಬಂದರು. ಮಗ-ಸೊಸೆ ಕೊಡುವ ಕೈಖರ್ಚಿನಲ್ಲಿ ಉಳಿಸಿ ತರುತ್ತಾರೆಂದು ಆಮೇಲೆ ತಿಳಿಯಿತು. ಮರುವರ್ಷ ಫೋನಿನಲ್ಲಿ ಹೇಳಿಬಿಟ್ಟೆ, "ಅತ್ತೇ, ನೀವು ಸುಮ್ಮನೆ ಬನ್ನಿ. ಎಂತದೂ ತರಬೇಡಿ. ನಮ್ಮಲ್ಲಿ ಎಲ್ಲ ಉಂಟು." ಅತ್ತೆ "ಆಯ್ತು ಮಗಾ" ಎಂದರು. ಬರಲಿಲ್ಲ. ಆ ವರ್ಷ ಮೊಣಕಾಲು ನೋವೆಂದರು, ಅದರ ಮುಂದಿನ ವರ್ಷ ಟ್ರೇನಿನ ರಶ್ ಎಂದರು. ನಾನೂ ನಂಬಿದೆ. ಒಂದು ಸಲ ದಹಿಸರಿಗೆ ಹೋಗಿ ನೋಡಬಾರದಿತ್ತೇ? ನಾಲ್ಕಾರು ಸ್ಟೇಷನ್ ಅಷ್ಟೇ.

ಹೋದದ್ದು ಅವರ ಉತ್ತರಕ್ರಿಯೆಗೆ. ಊಟದ ಎಲೆ ಎತ್ತುತ್ತಿದ್ದ ಅವರ ಸೊಸೆ ನನ್ನ ಹತ್ತಿರ ಬಂದು ಹೇಳಿದಳು, "ನಿಮ್ಮಲ್ಲಿಗೆ ಹೋಗಿ ಬನ್ನಿ ಅಂತ ಎಷ್ಟು ಸಲ ಹೇಳಿದೆ ಅಕ್ಕಾ. 'ಮಗು ಇರುವ ಮನೆಗೆ ಬರಿಗೈಯಲ್ಲಿ ಹೋಗುದು ಹೇಗೆ? ಅವಳು ತರಬೇಡಿ ಅಂದಿದ್ದಾಳೆ' ಅಂತ ಕೂತುಬಿಡ್ತಿದ್ರು." ಅಯ್ಯೋ ದೇವರೇ! ನಾನು ಬೇಡವೆಂದದ್ದು ಖರ್ಚನ್ನು. ಕಟ್ಟಿಲ್ಲದೆ ಒಳಗೆ ಬರುವುದು ಅತ್ತೆಗೆ ಗೊತ್ತೇ ಇರಲಿಲ್ಲ. ಅಷ್ಟು ಅರ್ಥವಾಗಬೇಕಿತ್ತು ನನಗೆ. ಅವರು ತಂದ ಚಪ್ಪಲಿ ಮೆಟ್ಟಿ ಬೆಳೆದವಳು ನಾನು.

ಈ ಸಲ ಮಗಳ ಹುಟ್ಟುಹಬ್ಬಕ್ಕೆ ನಾನೇ ಕೆಂಪು ಸಾಬೂನು, ಒಂದು ಸೈಜ್ ದೊಡ್ಡ ರಬ್ಬರ್ ಚಪ್ಪಲಿ ತಂದು ಪೇಪರಿನಲ್ಲಿ ಕಟ್ಟಿಟ್ಟೆ. ಅವಳು ಚಪ್ಪಲಿ ಮೆಟ್ಟಿ, ಎರಡು ಹೆಜ್ಜೆ ಎಳೆದು ನಿಂತಳು. "ಮಮ್ಮಾ, ಬಡೀ ಹೈ ಯೇ." ಅತ್ತೆಯ ಮಾತು ನಾಲಿಗೆಯ ತುದಿಯವರೆಗೆ ಬಂತು. ಸಾಬೂನಿನ ವಾಸನೆ ಮನೆಯಲ್ಲೆಲ್ಲ ಇತ್ತು. ನಾನು ಬಾಗಿಲ ಕಡೆ ನೋಡಿದೆ.