ಮಾಫಿ ಕೇಳುವ ಕ್ಯಾಪ್ಟನ್

ನಾರಾಯಣಪುರದ ಡ್ಯಾಮ್ ಕ್ವಾರ್ಟರ್ಸಿನ ನಮ್ಮ ಫುಟ್‌ಬಾಲ್ ತಂಡಕ್ಕೆ ಡ್ಯಾಮ್ ಆಫೀಸಿನ ಸಾಹೇಬರೊಬ್ಬರು ಕ್ಯಾಪ್ಟನ್ ಆಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಳೆಯ ಮಂಜಿನೊಳಗಿಂದ ತೇಲಿ ಬಂದವರಂತೆ ಮೈದಾನಕ್ಕಿಳಿಯುತ್ತಿದ್ದರು. ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಮುನ್ನ ಮೆಲ್ಲಗೆ, "ಮಾಫ್ ಮಾಡ್ರಿ" ಎನ್ನುತ್ತಿದ್ದರು. ನಮ್ಮ ಸೀಮೆಯವರ ಬಾಯಿ ಸುಮ್ಮನಿರುತ್ತದೆಯೇ? ಎದುರಾಳಿ "ಇರ್ಲಿ ಬಿಡ್ರಿ" ಅನ್ನುವಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು.

ಸುರಪುರದವರ ಜೊತೆಗಿನ ಫೈನಲ್‌ನಲ್ಲಿ ಅವರು ಹೊಡೆದ ಗೋಲಿಗೆ ನಾವೆಲ್ಲ ಕುಣಿಯುತ್ತಿದ್ದೆವು. ಅವರು ಮಾತ್ರ ರೆಫರಿಯ ಬಳಿ ಹೋಗಿ, "ಮಾಫ್ ಮಾಡ್ರಿ ಸರ, ಚೆಂಡು ನನ್ನ ಕೈಗಿ ಬಡದದ" ಎಂದರು. ಗೋಲು ರದ್ದಾಯಿತು. ಕೊನೆಗೆ ಪೆನಾಲ್ಟಿಯಲ್ಲಿ ಸೋತೆವು.

ಮರಳುವಾಗ ಟೆಂಪೋದಲ್ಲಿ, ಗೋಲ್‌ಕೀಪರ್ ಆಗಿದ್ದ ನಾನೇ ರೇಗಿದೆ: "ಯಾರೂ ನೋಡಿದ್ದಿಲ್ಲಲ್ರಿ!"

"ನನ್ನ ಕೈಗಿ ಗೊತ್ತದಲ್ರಿ" ಎಂದರು.

ಇಳಿಯುವಾಗ ಒಬ್ಬೊಬ್ಬರ ಮುಖ ನೋಡಿ, "ಮಾಫ್ ಮಾಡ್ರಿ" ಎಂದರು. "ಇರ್ಲಿ ಬಿಡ್ರಿ" ಎಂದು ಯಾರೂ ಅನ್ನಲಿಲ್ಲ. ಆ ತಿಂಗಳೇ ಅವರಿಗೆ ವರ್ಗವಾಯಿತು.

ಈಗಲೂ ಕೆಲವು ಸಂಜೆ, ಡ್ಯಾಮಿನ ಗೇಟು ತೆರೆದಾಗ, ನೀರಿನ ತುಂತುರು ಖಾಲಿ ಮೈದಾನದ ಮೇಲೆ ಹಬ್ಬುತ್ತದೆ. ಅದರೊಳಗೆ ಬಿಳಿ ಅಂಗಿಯೊಂದು ಓಡಿದಂತಾಗುತ್ತದೆ. "ಇರ್ಲಿ ಬಿಡ್ರಿ" ಅನ್ನುತ್ತೇನೆ. ಅಷ್ಟರಲ್ಲಿ ಚೆಂಡು ಹೋಗಿರುತ್ತದೆ.