ಮೆಲ್ಬರ್ನ್‌ಗೆ ಹೋಗಿ ಬಂದ ಪೇಡೆ ಡಬ್ಬಿ

ಧಾರವಾಡದಲ್ಲಿ ಮಣ್ಣಿನ ವಿಜ್ಞಾನ ಓದಿದ ಸಂಧ್ಯಾರಾಣಿ ಸಿಡ್ನಿಯ ಟೂಂಗಾಬಿಗೆ ಬಂದ ಮೇಲೆ ಕಂಡ ಮಣ್ಣೆಂದರೆ, ಮಗ ಅದ್ವಿಕ್ ಪಾರ್ಕಿನಿಂದ ಬೂಟಿಗೆ ಮೆತ್ತಿಸಿಕೊಂಡು ಬರುತ್ತಿದ್ದದ್ದು ಮಾತ್ರ. ಅವನಿಗೆ ಉಣಿಸುತ್ತಲೇ ಒಂದು ಕೈಯಲ್ಲಿ ವಿಶ್ವವಿದ್ಯಾಲಯಗಳ ಹುದ್ದೆಗಳನ್ನು ಜಾಲಾಡುವುದು ಅವಳಿಗೆ ಚಟವಾಗಿತ್ತು. ಕಡೆಗೆ ಮೆಲ್ಬರ್ನ್‌ನಲ್ಲಿ ಉಪ್ಪು ತುಂಬಿದ ಸವಳು ಮಣ್ಣಿನ ಮೇಲೆ ಪಿಎಚ್‌ಡಿಗೆ ಕರೆ ಬಂತು. ಸ್ಕಾಲರ್‌ಶಿಪ್ಪಿನ ಜಾಗ ಒಂದೇ, ಸಂದರ್ಶನಕ್ಕೆ ಇಬ್ಬರು. ಇದೂ ತಪ್ಪಿದರೆ ಇನ್ನು ತನ್ನನ್ನು ಯಾರು ಕೇಳುತ್ತಾರೆ ಎಂಬ ದಿಗಿಲಿನಲ್ಲಿ ಅವಳಿಗೆ ಅನ್ನ ಸೇರಲಿಲ್ಲ.

ಮೊಮ್ಮಗನನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಶಿವಲಿಂಗವ್ವ ಇಡೀ ದಿನ ಹಾಲು ಬತ್ತಿಸಿ ಪೇಡೆ ಕಟ್ಟಿದರು. ಡಬ್ಬಿಗೆ ಕುಪ್ಪಸದ ಹೊಸ ಖಣ ಸುತ್ತಿದರು.

"ಗುರುಗಳ ಕಡೆ ಬರಿಗೈಲೆ ಹೋಗಬಾರದವ್ವಾ."

"ಅತ್ತಿ, ಇದು ಇಂಟರ್‌ವ್ಯೂ. ಇಲ್ಲಿ ಹಂಗೆಲ್ಲ ನಡಿಯಂಗಿಲ್ಲ."

"ಯಾಕ, ಅವರೇನು ಹೊಟ್ಟಿಗಿ ತಿನ್ನೂದಿಲ್ಲೇನು?"

ಮೆಲ್ಬರ್ನ್‌ನಲ್ಲಿ ಸಂದರ್ಶನದ ಕೋಣೆಯ ಹೊರಗೆ, ಕಾರಿಡಾರಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟು ಕುಳಿತಿದ್ದಾಗಲೂ ಅತ್ತೆಯ ಫೋನು. "ಹೂಂ, ಕೊಡ್ತೀನಿ ಅತ್ತಿ" ಎಂದಿಟ್ಟಾಗ ಪಕ್ಕದ ಹುಡುಗಿ ಕಿಸಕ್ಕನೆ ನಕ್ಕಳು. ಇನ್ನೊಬ್ಬ ಅಭ್ಯರ್ಥಿ ಅವಳೇ, ಮಂಗಳೂರಿನ ಜೊವಾನಿಟಾ.

"ಸ್ವೀಟಾ? ಒಳಗೆ ಕೊಡ್ಲಿಕ್ಕಾ? ನನ್ನ ಮಮ್ಮಿದೂ ಇದೇ ಗಲಾಟೆ. ಬೇಡ ಮಮ್ಮಿ, ಮಾನ ಹೋಗ್ತದೆ ಅಂತ ಹೇಳಿ ಬಂದೆ ಮಾರಾಯ್ರೆ."

ಡಬ್ಬಿಯನ್ನು ಬ್ಯಾಗಿಗೆ ತುರುಕೋಣವೆನ್ನುವಷ್ಟರಲ್ಲಿ ಬಾಗಿಲು ತೆರೆದು ಇವಳ ಹೆಸರು ಕರೆದರು. ಗಾಬರಿಯಲ್ಲಿ ಕೈ ತಾನಾಗಿಯೇ ಮುಂದೆ ಹೋಯಿತು. ಮೂವರು ಕುಳಿತಿದ್ದ ಮೇಜಿನ ಮೇಲೆ ಡಬ್ಬಿ ಇಟ್ಟು, "ನಿಮಗೆ, ಮೇಡಂ" ಎಂದುಬಿಟ್ಟಳು.

ಪ್ರೊಫೆಸರ್ ಹೆಲೆನ್ ಮೆತ್ತಗೆ ಹೇಳಿದರು: "ಆಯ್ಕೆ ಮುಗಿಯುವ ತನಕ ನಾವು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಹೋಗುವಾಗ ಮರೆಯದೆ ಒಯ್ಯಿರಿ."

ಗದರಿದ್ದರೆ ವಾಸಿಯಿತ್ತು. ಕಿವಿ ಕಾದವು. ಸವಳಿನ ಪ್ರಶ್ನೆಗಳಿಗೆಲ್ಲ ಅವಳು ಖಣದ ಅಂಚನ್ನೇ ನೋಡುತ್ತ ಉತ್ತರ ಹೇಳಿದಳು. ಹೊರಬಂದಾಗ ಜೊವಾನಿಟಾ ಡಬ್ಬಿ ನೋಡಿ, ನಗದೆ, ಮುಖ ಆ ಕಡೆ ತಿರುಗಿಸಿದಳು.

ವಿಮಾನ ನಿಲ್ದಾಣದಲ್ಲಿ ಒಂದು ಪೇಡೆ ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಕಸದ ತೊಟ್ಟಿಗೆ ಸುರಿದಳು.

"ತಿಂದ್ರೇನು?" ಮನೆಯಲ್ಲಿ ಅತ್ತೆ ಕೇಳಿದರು.

"ಹೂಂ. ಎಲ್ಲಾರೂ."

ಆಮೇಲೊಂದು ದಿನ ಮೇಲ್ ಬಂತು. ಜಾಗ ಅವಳಿಗೇ! ಗಂಡ ವಿರುಪಾಕ್ಷ ಮಗನನ್ನೆತ್ತಿ ಕುಣಿದ. ಅಷ್ಟರಲ್ಲಾಗಲೇ ಶಿವಲಿಂಗವ್ವ ಹುಬ್ಬಳ್ಳಿಯ ತಂಗಿ ದ್ಯಾಮವ್ವನಿಗೆ ಫೋನು ಹಚ್ಚಿದ್ದರು. "ಅಕಿ ಓದಿದ್ದು ಇರಲಿ ಬಿಡ. ಕೆಲಸಾ ಮಾಡಿದ್ದು ನನ್ನ ಪೇಡೆ!"

ಜೊವಾನಿಟಾ ತಿರುಗಿಸಿಕೊಂಡ ಮುಖ ಸಂಧ್ಯಾರಾಣಿಯ ಕಣ್ಣಿಗೆ ಕಟ್ಟಿತು. ತಡೆಯಲಾಗಲಿಲ್ಲ.

"ಹಂಗ ಅನಬ್ಯಾಡ್ರಿ ಅತ್ತಿ, ಕೇಳಿದವರು ಲಂಚ ಅಂದಾರು. ಅವರು ಒಂದೂ ಮುಟ್ಟಲಿಲ್ಲ."

ಶಿವಲಿಂಗವ್ವ ಫೋನನ್ನು ಎದೆಗೊತ್ತಿಕೊಂಡರು. "ಮತ್ತ, ಡಬ್ಬಿ ಖಾಲಿ ಬಂತಲ್ಲ?"

ಎದೆಯೊಳಗಿನಿಂದ ದ್ಯಾಮವ್ವನ "ಹಲೋ, ಹಲೋ" ಕೇಳುತ್ತಿತ್ತು.

"ಒಗದ್ಬಿಟ್ಟೆ, ಅತ್ತಿ. ಏರ್‌ಪೋರ್ಟಿನ್ಯಾಗ."

ಅತ್ತೆ ಬಯ್ಯಲಿಲ್ಲ. ಸೆರಗಿನಿಂದ ಫೋನು ಒರೆಸಿ, ಕಟ್ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ನೀನರ ಒಂದು ತಿಂದಿಯಿಲ್ಲೋ?"

"ತಿಂದೆ."

"ಹ್ಯಾಂಗಾಗಿದ್ವು?"

"ಭಾಳ ಛಲೋ ಆಗಿದ್ವು, ಅತ್ತಿ" ಎಂದಳು ಸಂಧ್ಯಾರಾಣಿ, ತಲೆ ಎತ್ತದೆ.